ಹಸಿದ ಇದ್ದಿಲನ್ನು ಮಣ್ಣಿಗೆ ಹಾಕಿದ ವರ್ಷ

ಸಮುದಾಯ ತೋಟವೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ತೋಟದ ಯಾವುದೂ ಕಸವಾಗಿ ಬೇಲಿ ದಾಟಬಾರದು, ಹೊರಗಿನ ಗೊಬ್ಬರದ ಚೀಲ ಒಳಗೆ ಬರಬಾರದು ಎಂದು ಸದಸ್ಯರೆಲ್ಲ ಸೇರಿ ತೀರ್ಮಾನಿಸಿದ್ದೆವು. ಸವರಿದ ಕೊಂಬೆಗಳು ಮಣ್ಣಿಗೆ ಬೆರೆಸುವ ಇದ್ದಿಲಿಗೆ, ಅಂದರೆ ಬಯೋಚಾರ್‌ಗೆ. ಕಳೆ, ತರಗೆಲೆ, ತರಕಾರಿ ಸಿಪ್ಪೆ ಕಾಂಪೋಸ್ಟ್‌ಗೆ.

ಇದ್ದಿಲು ಸುಡುವ ಕೆಲಸ ಬೇಗ ಕೈಗೆ ಹತ್ತಿತು. ಬಾಯಿ ಅಗಲ, ತಳ ಕಿರಿದಾದ ಗುಂಡಿಯಲ್ಲಿ ಒಣ ಕೊಂಬೆಗಳನ್ನು ಪದರ ಪದರವಾಗಿ ಹಾಕುತ್ತಾ ಹೋಗಬೇಕು. ಮೇಲಿನ ಜ್ವಾಲೆ ಆಮ್ಲಜನಕವನ್ನೆಲ್ಲ ತಾನೇ ಕಬಳಿಸುವುದರಿಂದ ಕೆಳಗಿನ ಇದ್ದಿಲು ಬೂದಿಯಾಗದೆ ಉಳಿಯುತ್ತದೆ. ಕೆಂಡದ ಮೇಲೆ ಬೂದಿಯ ಬಿಳಿ ಮೂಡತೊಡಗಿತೆಂದರೆ ಮುಂದಿನ ಪದರ ಹಾಕುವ ಹೊತ್ತು. ಕೊನೆಗೆ ಧಾರಾಳವಾಗಿ ನೀರು ಸುರಿದು ನಂದಿಸಬೇಕು. ಚೆನ್ನಾಗಿ ಬೆಂದ ಇದ್ದಿಲು ಒಣಗಿದ ಮೇಲೆ ಮುರಿದರೆ ಕಿಣಿ ಎನ್ನುತ್ತದೆ. ಆ ಸದ್ದು ಕೇಳಿ ನಾನು ಹಿಗ್ಗಿ ಹೋಗಿದ್ದೆ.

ಹಿಗ್ಗಿನಲ್ಲೇ ಎಡವಿದೆ. ಪುಡಿ ಮಾಡಿದ ಇದ್ದಿಲನ್ನು ನೇರವಾಗಿ ಮಡಿಗಳಿಗೆ ಬೆರೆಸಿಬಿಟ್ಟೆ. ಕೆಲವೇ ವಾರಗಳಲ್ಲಿ ಸಸಿಗಳ ಬುಡದ ಎಲೆಗಳು ಹಳದಿಯಾದವು. ತುದಿಯ ಎಲೆಗಳು ಮಾತ್ರ ಹಸಿರು. ಹಳೆಯ ಎಲೆ ಮೊದಲು ಬಿಳಿಚಿಕೊಂಡರೆ ಸಾರಜನಕದ ಕೊರತೆಯೆಂದು ಯಾರಿಗಾದರೂ ಹೊಳೆಯಬೇಕಿತ್ತು. ನಾನು ನೀರು ಹೆಚ್ಚಾಯಿತೆಂದು ವಾದಿಸುತ್ತಿದ್ದೆ! ಹಿರಿಯ ಸದಸ್ಯೆಯೊಬ್ಬರು ಮಡಿಯ ಮಣ್ಣನ್ನು ಕೈಗೆತ್ತಿಕೊಂಡು, "ಗಿಡದ ತಟ್ಟೆಗೆ ಇನ್ನೊಬ್ಬ ಹಸಿದವನನ್ನು ಕೂರಿಸಿದ್ದೀರಿ" ಎಂದರು. ನಿಜ. ಹೊಸ ಇದ್ದಿಲಿನ ಸೂಕ್ಷ್ಮ ರಂಧ್ರಗಳು ಖಾಲಿ ಇರುತ್ತವೆ. ಮಣ್ಣಿನಲ್ಲಿದ್ದ ಸಾರಜನಕವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಸಾಲದ್ದಕ್ಕೆ ಅದರ ಬೂದಿ ಕ್ಷಾರೀಯ, ನಮ್ಮ ಮಣ್ಣೂ ಕ್ಷಾರೀಯ.

ಅಮೆಜಾನ್ ಪ್ರದೇಶದ 'ಟೆರ್ರಾ ಪ್ರೆಟಾ' ಎಂಬ ಕಪ್ಪು ಮಣ್ಣಿನ ಬಗ್ಗೆ ಓದಿಯೇ ನನಗೆ ಇದ್ದಿಲಿನ ಹುಚ್ಚು ಹಿಡಿದದ್ದು. ಅಲ್ಲಿನ ಮೂಲನಿವಾಸಿಗಳ ಆ ಮಣ್ಣಿನಲ್ಲಿ ಇದ್ದಿಲಿನ ಜೊತೆ ಮೂಳೆ, ಮಡಕೆ ಚೂರು, ಮನೆಯ ಕಸ ಎಲ್ಲವೂ ಇವೆ. ನನಗೆ ಕಂಡದ್ದು ಇದ್ದಿಲು ಮಾತ್ರ.

ಈಗ ಇದ್ದಿಲು ಮೊದಲು ಹೋಗುವುದು ಕಾಂಪೋಸ್ಟ್ ರಾಶಿಗೆ, ಗಾತ್ರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು. ರಾಶಿಗೆ ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇರಬೇಕು; ಈ ಲೆಕ್ಕದಲ್ಲಿ ಇದ್ದಿಲಿನ ಇಂಗಾಲವನ್ನು ಸೇರಿಸುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಅದು ಸುಲಭದ ಆಹಾರವಲ್ಲ. ರಾಶಿಯ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟಿ ಕಾದು, ಮಗುಚಿ, ತಣ್ಣಗಾಗುವಷ್ಟರಲ್ಲಿ ಇದ್ದಿಲು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ರಾಶಿಯ ಅಮೋನಿಯಾ ಘಾಟೂ ತಗ್ಗಿತು, ಅಕ್ಕಪಕ್ಕದವರ ತಕರಾರೂ ತಗ್ಗಿತು.

ಆದರೂ ತೋಟದ ಸತ್ವ ತೋಟಕ್ಕೇ ಮರಳುವ ಚಕ್ರ ಪೂರ್ಣವಾಗಿದೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೊಂಬೆ ಸುಡುವಾಗ ಅದರ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ; ರಂಜಕ, ಪೊಟ್ಯಾಶ್ ಹೆಚ್ಚಾಗಿ ಇದ್ದಿಲಿನಲ್ಲೇ ಉಳಿಯುತ್ತವೆ. ಬುಟ್ಟಿಯಲ್ಲಿ ಮನೆಗೆ ಹೋಗುವ ತರಕಾರಿಯೊಂದಿಗೆ ಅವೂ ಹೊರಟುಹೋಗುತ್ತವೆ, ಸಿಪ್ಪೆ ಬಂದರೆ ಒಂದಿಷ್ಟು ಮರಳುತ್ತದೆ. ಅದಕ್ಕೇ ಗೇಟಿನ ಬಳಿ ತಕ್ಕಡಿ, ಪುಸ್ತಕ ಇಟ್ಟಿದ್ದೇನೆ: ಎಡಪುಟದಲ್ಲಿ ಹೋದದ್ದು, ಬಲಪುಟದಲ್ಲಿ ಬಂದದ್ದು. ಬಲಪುಟ ಇನ್ನೂ ಬಹಳ ತೆಳುವಾಗಿದೆ. ಕಳೆದ ವಾರದ ನಮೂದಿನಲ್ಲಿ ಎರಡು ಪ್ಲಾಸ್ಟಿಕ್ ಚಮಚಗಳೂ ಇವೆ.