ನನ್ನ ಹಾಡಿಗೆ ಬೇಸ್‌ಲೈನ್: ಪಲ್ಲವಿ ಮುಗಿಯಿತು

ನನ್ನ ಹಾಡಿನ ಪಲ್ಲವಿಗೆ ಬೇಸ್ ಗಿಟಾರ್‌ನಲ್ಲಿ ನುಡಿಸುವ ಕೆಳಸ್ವರಗಳ ಸಾಲು, ಅಂದರೆ ಬೇಸ್‌ಲೈನ್, ಕೊನೆಗೂ ಹದಕ್ಕೆ ಬಂತು. ಹೋದ ತಿಂಗಳು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ಡ್ರಮ್, ನನ್ನ ದನಿಯ ಗೈಡ್ ಟ್ರ್ಯಾಕ್ ಇಷ್ಟೇ ಇತ್ತು. ಹಾಡು ಎ ಮೈನರ್‌ನಲ್ಲಿದೆ, ಅಂದರೆ ಎ ಇದರ ಆಧಾರ ಸ್ವರ. ವೇಗ 92 ಬಿಪಿಎಂ, ಅಂದರೆ ನಿಮಿಷಕ್ಕೆ 92 ಬೀಟ್. ಎ ಮೈನರ್, ಎಫ್, ಸಿ, ಜಿ ಅಂತ ಬಾರ್‌ಗೊಂದು (ತಾಳದ ಒಂದು ಆವರ್ತಕ್ಕೊಂದು) ಕಾರ್ಡ್. ಪಲ್ಲವಿ ಪೂರ್ತಿ ಇದೇ ಸುತ್ತು. ಬೇಸ್ ಬರೆಯೋದು ಕಲಿಯುವಾಗ ಕಾರ್ಡ್ ಸರಳವಾಗಿದ್ದರೆ ಕಿವಿ ಎಲ್ಲ ಕೆಳಗಿನ ಸ್ವರದ ಮೇಲೇ ಇರುತ್ತದೆ ಅಂತ ಬೇಕಂತಲೇ ಹೀಗೆ ಇಟ್ಟುಕೊಂಡೆ.

ಮೊದಲು ಕಾರ್ಡ್‌ಗಳ ರೂಟ್ ನೋಟ್, ಅಂದರೆ ಕಾರ್ಡ್‌ಗೆ ಹೆಸರು ಕೊಡುವ ಸ್ವರ, ಅಷ್ಟನ್ನು ಮಾತ್ರ ನುಡಿಸಿದೆ. ಹಾಡು ತುಂಬಿಕೊಂಡಿತು, ಆದರೆ ನಡೆ ಬರಲಿಲ್ಲ. ಆಮೇಲೆ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎಲ್ಲಿ ಬೀಳುತ್ತದೋ ಅಲ್ಲೇ ಬೇಸ್ ಬೀಳುವ ಹಾಗೆ ಮಾಡಿದೆ. ನನ್ನ ಕಿಕ್ ಒಂದನೇ ಬೀಟ್‌ಗೆ ಬೀಳುತ್ತದೆ, ಮತ್ತೆ ಎರಡೂವರೆಗೆ, ಅಂದರೆ ಎರಡನೇ ಮತ್ತು ಮೂರನೇ ಬೀಟ್‌ಗಳ ನಡುವೆ. ಎರಡೂ ಒಟ್ಟಿಗೆ ಬಿದ್ದ ಕೂಡಲೇ ಕಾಲು ತಾನಾಗಿ ತಾಳ ಹಾಕೋಕೆ ಶುರು ಮಾಡಿತು.

ಇಲ್ಲಿಂದ ಮುಂದಕ್ಕೆ ದಾರಿ ತೋರಿಸಿದ್ದು ಮೃದಂಗ. ಬೆಂಗಳೂರಿನ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳಿದವರಿಗೆ ಗೊತ್ತಿರುತ್ತದೆ, ಆ ಎಡಗಡೆಯ ಗುಂ ಅನ್ನೋ ನಾದ ಎದೆಗೇ ತಾಕುತ್ತದೆ. ನಾನು ಸುಮ್ನೆ ಮೃದಂಗದವರ ಎಡಗೈಯನ್ನೇ ನೋಡುತ್ತಾ ಕೂತಿದ್ದೆ. ಹಾಡುಗಾರರು ಸಾಲು ಎಳೆಯುವಾಗ ಎಡಗೈ ತುಂಬಾ ಕಡಿಮೆ ನುಡಿಯುತ್ತದೆ. ಸಾಲು ಮುಗಿದು ಜಾಗ ಸಿಕ್ಕ ಕೂಡಲೇ ಗುಮ್ಕಿ (ಎಡಗೈ ಒತ್ತಿ ಜಾರಿಸಿ ತೆಗೆಯುವ ಗುಂ ನಾದ) ಹಾಕಿ ಆ ಜಾಗ ತುಂಬುತ್ತದೆ. ಮೃದಂಗ ಕಲಿತಿರುವ ಗೆಳೆಯನಿಗೆ ನನ್ನ ಟ್ರ್ಯಾಕ್ ಕೇಳಿಸಿದಾಗ ಅವನು ಹೇಳಿದ್ದೂ ಅದನ್ನೇ: "ಮಗಾ, ಎಡುಪು ಎಲ್ಲಿದೆ ನೋಡ್ಕೋ. ನೀನು ಹಾಡೋದು ಅರ್ಧ ಬೀಟ್ ಬಿಟ್ಟು. ಸಮ ಖಾಲಿ ಇದೆ, ಅದು ಬೇಸ್‌ದು."

ಎಡುಪು ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಸಮ ಅಂದರೆ ತಾಳದ ಮೊದಲ ಬೀಟ್. ನಿಜ ಅಲ್ವಾ! ಈಗ ಒಂದನೇ ಬೀಟ್‌ನಲ್ಲಿ ದನಿ ಇಲ್ಲದೆ ಬೇಸ್ ಕೇಳುತ್ತದೆ, ಅದರ ಬೆನ್ನಿಗೇ ದನಿ ಬರುತ್ತದೆ. ಮೂರನೇ ಬಾರ್‌ನಲ್ಲಿ ಮಾತು ಜಾಸ್ತಿ ಇದೆ, ಅಲ್ಲಿ ಬೇಸ್ ಎರಡು ಸಲ ನುಡಿದು ಸುಮ್ಮನಾಗುತ್ತದೆ. ಸುಮ್ಮನಾಗಿಸೋದು ಎಡಗೈ ಕೆಲಸ. ಬೆರಳನ್ನು ತಂತಿಯಿಂದ ಪೂರ್ತಿ ತೆಗೆಯದೆ ತಂತಿ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿ) ಬಿಡುವಷ್ಟು ಸಡಿಲಿಸಬೇಕು. ಸ್ವರ ಎಲ್ಲಿ ಶುರುವಾಗಬೇಕು ಅನ್ನೋದಕ್ಕಿಂತ ಎಲ್ಲಿ ನಿಲ್ಲಬೇಕು ಅನ್ನೋದಕ್ಕೇ ಈಗ ನನ್ನ ಅಭ್ಯಾಸದ ಹೆಚ್ಚು ಹೊತ್ತು ಹೋಗುತ್ತಿದೆ.

ಇನ್ನು ಸ್ವರಗಳ ವಿಷಯ. ಇದು ನನಗೆ ತುಂಬಾ ಖುಷಿ ಕೊಟ್ಟ ಭಾಗ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹಾರುವ ಬದಲು ನಡೆದು ಹೋದರೆ ಹೇಗಿರುತ್ತದೆ ಅಂತ ಬಾಯಲ್ಲಿ ಹಾಡಿ ನೋಡಿದೆ. ಎ ಅನ್ನು ಸ ಅಂತ ಇಟ್ಟುಕೊಂಡರೆ ಎಫ್ ಅಂದರೆ ದ. ನಡುವೆ ನಿ ಇದೆ. ಹಾಗಾಗಿ ಒಂದನೇ ಬಾರ್‌ನ ಕೊನೆಯ ಅರ್ಧ ಬೀಟ್‌ಗೆ ಜಿ ಹಾಕಿದೆ: ಸ, ನಿ, ದ. ಎಫ್‌ನಿಂದ ಸಿಗೆ ಇಳಿಯೋಕೆ ಇ, ಡಿ: ದ, ಪ, ಮ, ಗ. ನಾಲ್ಕನೇ ಬಾರ್‌ನಲ್ಲಿ ಗಿಟಾರ್ ಜಿ ಕಾರ್ಡ್ ನುಡಿಸುತ್ತಿದ್ದರೂ ಬೇಸ್‌ಗೆ ಜಿ ಕೊಡದೆ ಅದೇ ಕಾರ್ಡ್‌ನೊಳಗಿರುವ ಬಿ ಕೊಟ್ಟೆ. ಈಗ ಗ, ರಿ, ಮತ್ತೆ ಸ. ನಾಲ್ಕು ಬಾರ್ ಸೇರಿದರೆ ನಠಭೈರವಿ ರಾಗದ ಅವರೋಹಣ ಪೂರ್ತಿ ಇಳಿದು ಬರುತ್ತದೆ! ಸುತ್ತು ಮತ್ತೆ ಶುರುವಾದಾಗ ಕೆಳಗಿನ ಎ ಮೊದಲ ಕಿಕ್‌ಗೆ, ಮೇಲಿನ ಎ ಎರಡನೇ ಕಿಕ್‌ಗೆ. ಅಲ್ಲಿಂದ ಮತ್ತೆ ಇಳಿಜಾರು.

ಇದರಿಂದ ಇನ್ನೊಂದು ಅನುಕೂಲ ಆಯಿತು. ರೂಟ್ ಮಾತ್ರ ನುಡಿಸುವಾಗ ಎಫ್ ಅನ್ನು ದಪ್ಪ ತಂತಿಯ ಮೊದಲ ಫ್ರೆಟ್‌ನಲ್ಲಿ ಹಿಡಿಯುತ್ತಿದ್ದೆ. ಅದು ಸುಮಾರು 44 ಹರ್ಟ್ಜ್. ಫೋನ್ ಸ್ಪೀಕರ್‌ನಲ್ಲಿ ಅಷ್ಟು ಕೆಳಗಿನ ನಾದ ಬರೋದೇ ಇಲ್ಲ. ಈಗಿನ ಎಫ್ ಡಿ ತಂತಿಯ ಮೂರನೇ ಫ್ರೆಟ್‌ನಲ್ಲಿದೆ, 87 ಹರ್ಟ್ಜ್. ಅತಿ ಕೆಳಗಿನ ಸ್ವರ ಅಂದರೆ ಎ, 55. ಮೇಲೆ ಒಂಚೂರು ಸ್ಯಾಚುರೇಶನ್ (ನಾದವನ್ನು ತುಸು ಒರಟಾಗಿಸುವ ಎಫೆಕ್ಟ್) ಹಾಕಿದರೆ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಜೊತೆ ಬರುವ ಉಪನಾದಗಳು, ಎದ್ದು ಬರುತ್ತವೆ. ಆಗ ಮೂಲ ಸ್ವರವನ್ನು ಸ್ಪೀಕರ್ ಕೊಡದಿದ್ದರೂ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಆಟೋದಲ್ಲಿ ಕೂತು ಫೋನ್‌ನಲ್ಲೇ ಹಾಕಿ ಕೇಳಿದೆ, ಸೌತ್ ಎಂಡ್ ಸರ್ಕಲ್‌ನ ಅಷ್ಟು ಗಲಾಟೆಯಲ್ಲೂ ಇಳಿಯುವ ಸಾಲು ಗೊತ್ತಾಗುತ್ತದೆ.

ಬೇಸ್ ಬರೆಯೋಕೆ ಹೊರಟವರು ಇಳಯರಾಜ ಅವರ ಎಂಬತ್ತರ ದಶಕದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು, ಬೇಸ್ ಒಂದನ್ನೇ ಬೆನ್ನುಹತ್ತಿ ಕೇಳಿ. ಕೆಳಗೆ ಇನ್ನೊಂದು ಹಾಡೇ ನಡೆಯುತ್ತಿರುತ್ತದೆ.

ಮುಂದೆ ಚರಣ. ಅದು ಡಿ ಮೈನರ್‌ನಿಂದ ಶುರುವಾಗಿ ಇ ಕಾರ್ಡ್‌ನಲ್ಲಿ ನಿಲ್ಲುತ್ತದೆ. ಇ ಕಾರ್ಡ್‌ನಲ್ಲಿ ಜಿ ಶಾರ್ಪ್ ಇದೆ, ನಮ್ಮ ಲೆಕ್ಕದಲ್ಲಿ ಕಾಕಲಿ ನಿಷಾದ, ಅಂದರೆ ಎತ್ತರದ ನಿ. ಬೇಸನ್ನು ಅದರ ಮೇಲೆ ನಿಲ್ಲಿಸಿದರೆ ಮುಂದಿನ ಫ್ರೆಟ್‌ನಲ್ಲೇ ಸ. ಪಲ್ಲವಿಗೆ ಅಲ್ಲಿಂದ ಹತ್ತಬೇಕೋ, ಇ ಮೇಲೇ ನಿಂತು ಹಾರಬೇಕೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಶನಿವಾರ ಎರಡನ್ನೂ ರೆಕಾರ್ಡ್ ಮಾಡಿ ನೋಡುತ್ತೇನೆ.