ಊರಲ್ಲೂ ಒಂದು ಮನೆ ಇದೆಯಂತೆ, ಪುಣ್ಯವಂತರು!

18 ಮೇ 2025, ಭಾನುವಾರ
ತೀರ್ಥಹಳ್ಳಿ

ಕೃತ್ತಿಕಾ ಮಳೆ ಆಗೊಮ್ಮೆ ಈಗೊಮ್ಮೆ ಗುಡುಗಿ ಹೋಗುತ್ತಿದೆ. ರೋಹಿಣಿಗೆ ಇನ್ನೊಂದು ವಾರ. ಅಷ್ಟರೊಳಗೆ ಹೆಂಚು ಕೈಯಾಡಿಸದ ಮನೆ ಆರ್ದ್ರೆ, ಪುನರ್ವಸು ಹಿಡಿದಾಗ ಸೋರದೆ ಇರುವುದಿಲ್ಲ. ವರ್ಷದಲ್ಲಿ ಹೆಚ್ಚು ದಿನ ಬೀಗ ಬಿದ್ದಿರುವ ಮನೆಗಳ ವಿಷಯ ಬರೆಯಲು ಇದೇ ಸರಿಯಾದ ಹೊತ್ತು.

ಬೆಂಗಳೂರಲ್ಲೋ ಶಿವಮೊಗ್ಗ ಪೇಟೆಯಲ್ಲೋ ಇದ್ದುಕೊಂಡು ಮಲೆನಾಡಲ್ಲಿ ಇನ್ನೊಂದು ಮನೆ ಇಟ್ಟುಕೊಂಡವರ ಬಗ್ಗೆ ಜನ ಆಡುವುದು ಹೆಚ್ಚುಕಡಿಮೆ ಒಂದೇ ಮಾತು: ದುಡ್ಡು ಹೆಚ್ಚಾಗಿದೆ. ಶನಿವಾರ ಬಂದು ಕುಡಿದು ಕುಣಿದು ಭಾನುವಾರ ಗಾಡಿ ಹತ್ತುವವರು ಅಂತ ಊರಿನವರು ಇನ್ನೊಂದಿಷ್ಟು ಸೇರಿಸುತ್ತಾರೆ. ಹಾಗಿರುವವರೂ ಇದ್ದಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳುವ ಹಾಗಾಯಿತು; ಗದ್ದೆಯಂಚಿಗೆ ಗಾಜಿನ ಮನೆ ಎದ್ದರೆ ಅಕ್ಕಪಕ್ಕದವರಿಗೆ ಅನುಮಾನ ಬಾರದೆ ಇರುತ್ತದೆಯೇ? ಆದರೆ ಹಿಸೆಯಲ್ಲಿ, ಅಂದರೆ ಆಸ್ತಿ ಪಾಲಿನಲ್ಲಿ, ಬಂದ ಹಳೇ ಮನೆಯನ್ನೂ ಅದೇ ಕಣ್ಣಲ್ಲಿ ನೋಡುವುದು ಅನ್ಯಾಯ. ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗುವ ತನಕ ಮಾರುವುದಕ್ಕೂ ಬರುವುದಿಲ್ಲ, ಅದರ ಮೇಲೆ ಸಾಲವೂ ಹುಟ್ಟುವುದಿಲ್ಲ.

ಎಲ್ಲಕ್ಕಿಂತ ತಪ್ಪು ಮಾತು ಅಂದರೆ 'ಖಾಲಿ ಮನೆ ತಾನೇ, ಖರ್ಚೇನು' ಎನ್ನುವುದು. ಜನ ಇರುವ ಮನೆಗಿಂತ ಖಾಲಿ ಮನೆಯೇ ಬೇಗ ಹಾಳಾಗುವುದು. ಒಲೆ ಉರಿಯುವ ಮನೆಯಲ್ಲಿ ಹೊಗೆ ಮಾಡಿಗೆ, ಅಂದರೆ ಛಾವಣಿಗೆ, ಏರಿ ಹೆಂಚು ಹೊರುವ ಪಕಾಸು, ರೀಪು ಮರಗಳನ್ನು ಒಣಗಿಸುತ್ತದೆ. ಮಸಿ ಹಿಡಿದ ಮರಕ್ಕೆ ಕುಟ್ಟೆ ಹುಳ ಬೀಳುವುದು ಕಡಿಮೆ. ಒಲೆ ಆರಿದರೆ ಮರ ಥಂಡಿ ಕುಡಿದು ಮೆತ್ತಗಾಗುತ್ತದೆ, ಗೆದ್ದಲು ಗೋಡೆ ಹಿಡಿದು ಮೇಲೇರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೂ ಬಂದು ಕಿಟಕಿ ತೆರೆದು, ಬಚ್ಚಲೊಲೆಗೆ ಎರಡು ತಾಸು ಬೆಂಕಿ ಹಾಕಬೇಕು. ಪಕಾಸಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದಾದರೆ ಮರ ಪೂರ್ತಿ ಒಣಗಿರುವ ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸಬೇಕು. ಹಸಿ ಮರ ಎಣ್ಣೆ ಹೀರುವುದಿಲ್ಲ. ಬಳಿಯುವವರಿಗೆ ಗ್ಲೌಸ್ ಕೊಡದೆ ಕೆಲಸ ಮಾಡಿಸಬೇಡಿ, ಗೇರೆಣ್ಣೆ ತಾಗಿದ ಕಡೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಮಾಡಿನ ಲೆಕ್ಕ ಹೀಗೆ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ, ಸಾವಿರ ಚದರಡಿ ಮಾಡಿಗೆ 1400ರ ಹತ್ತಿರ. ಅದೇ ಅಚ್ಚಿನ 60-70 ಹೆಂಚು ಕೊಟ್ಟಿಗೆ ಮೂಲೆಯಲ್ಲಿ ಪೇರಿಸಿಟ್ಟಿರಬೇಕು. ಬೇರೆ ಕಾರ್ಖಾನೆಯ ಹೆಂಚಾದರೆ ಅಂಚು ಒಂದಕ್ಕೊಂದು ಸರಿಯಾಗಿ ಕೂರದೆ ಸಂದಿನಲ್ಲಿ ನೀರಿಳಿಯುತ್ತದೆ. ಮಂಗ ಹಾರಿದರೆ ಹೆಂಚು ಒಡೆಯುವುದಕ್ಕಿಂತ ಸರಿಯುವುದೇ ಹೆಚ್ಚು. ಕೆಳಗೆ ನಿಂತು ನೋಡಿದರೆ ಅದು ಗೊತ್ತಾಗುವುದಿಲ್ಲ. ಹಗಲು ಬಾಗಿಲು ಹಾಕಿ ಒಳಗೆ ಕತ್ತಲು ಮಾಡಿ ಮೇಲೆ ನೋಡಿ, ಬೆಳಕು ಚುಕ್ಕಿ ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ರೀಪಿಗೆ ಗುರುತು ಹಾಕಿ. ಎರಡು ಮಾಡು ಕೂಡುವ ಮೂಲೆಯ ತಗಡಿನ ದೋಣಿಯೇ ದೊಡ್ಡ ಕಂಟಕ. ಅಲ್ಲಿ ಹಲಸಿನ ಎಲೆ ಕಟ್ಟಿಕೊಂಡರೆ ನೀರು ಹಿಮ್ಮೆಟ್ಟಿ ಹೆಂಚಿನಡಿ ನುಗ್ಗುತ್ತದೆ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ದೋಣಿಯನ್ನು ಮೇ ಕೊನೆಯಲ್ಲಿ ಒಮ್ಮೆ ಗುಡಿಸಿ ಬಿಟ್ಟರೆ ಸಾಲದು, ಜುಲೈ ನಡುವೆ ಮತ್ತೊಮ್ಮೆ ಏಣಿ ಹಾಕಲೇಬೇಕು. ಮನೆ ಹಿಂದಿನ ಧರೆಗೂ (ಕಡಿದ ಮಣ್ಣಿನ ದಿಣ್ಣೆಗೂ) ಗೋಡೆಗೂ ನಡುವಿನ ಕಾಲುವೆ ಹೂಳು ತೆಗೆಸುವುದೂ ಇದರ ಜೊತೆಯ ಕೆಲಸ.

ಒಳಗಿನದು ಬೇಗ ಮುಗಿಯುತ್ತದೆ. ಫ್ರಿಜ್ ಆರಿಸಿ ಒರೆಸಿ ಬಾಗಿಲು ಸಂದು ಬಿಡಿ. ಹಾಸಿಗೆ ಗೋಡೆಗೆ ತಾಗದಂತೆ ನಿಲ್ಲಿಸಿ. ಇನ್ವರ್ಟರ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ವೈರ್ ಕಳಚಿಡಿ. ಜೋಡಿಸಿಯೇ ಬಿಟ್ಟರೆ ದಿನಗಟ್ಟಲೆ ಕರೆಂಟು ಇಲ್ಲದಾಗ ಪೂರ್ತಿ ಇಳಿದು, ಪ್ಲೇಟಿಗೆ ಸಲ್ಫೇಟ್ ಕಟ್ಟಿ ಮತ್ತೆ ಏಳುವುದಿಲ್ಲ. ಮನೆಯಲ್ಲಿ ಒಂದು ಬಲ್ಬ್ ಉರಿಯದಿದ್ದರೂ ವಿದ್ಯುತ್ ಬಿಲ್ಲಿನ ನಿಗದಿತ ಶುಲ್ಕ ತಪ್ಪುವುದಿಲ್ಲ.

ಮನೆ ಮಾಲೀಕರ ಕಡೆಯಿಂದಲೂ ಒಂದು ತಪ್ಪು ಎಣಿಕೆ ಇದೆ. 'ಪಕ್ಕದ ಮನೆಯವರು ಹೇಗೂ ಅಲ್ಲೇ ಇರ್ತಾರಲ್ಲ, ನೋಡ್ಕೋತಾರೆ' ಅಂದುಕೊಳ್ಳುವುದು. ಬಾಗಿಲು ತೆರೆದು, ಒಲೆ ಹಚ್ಚಿ, ಅಂಗಳದ ಪಾಚಿ ಕೆರೆಯುವುದು ಅರ್ಧ ದಿನದ ಕೂಲಿ ಕೆಲಸ. ದೀಪಾವಳಿಗೆ ಒಂದು ಸೀರೆ, ಒಂದು ಡಬ್ಬಿ ಸ್ವೀಟು ಅದಕ್ಕೆ ಸಮ ಅಲ್ಲ. ತಿಂಗಳಿಗಿಷ್ಟು ಅಂತ ಮೊದಲೇ ಮಾತಾಡಿ, ಮಳೆಗಾಲಕ್ಕೆ ಮುಂಚೆಯೇ ಕೈಗೆ ಕೊಡಿ. ಊರಿನ ಅರ್ಧ ಅಸಮಾಧಾನ ಇಲ್ಲಿಂದಲೇ ಹುಟ್ಟುತ್ತದೆ.

ಇನ್ನು 'ಎರಡು ದಿನ ಕೀ ಕೊಡಿ' ಎನ್ನುವ ನೆಂಟರು, ಸ್ನೇಹಿತರು. ಕೇಳುವುದರಲ್ಲಿ ತಪ್ಪೇನಿಲ್ಲ, ಮನೆಗೂ ಜನ ಬಂದರೆ ಒಳ್ಳೆಯದೇ. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನ ಪೈಪು ಎಲ್ಲಿ ಕಟ್ಟಿಕೊಳ್ಳುತ್ತದೆ, ಮೇನ್ ಸ್ವಿಚ್ ಎಲ್ಲಿದೆ ಅಂತ ಕೇಳಿಕೊಂಡು ಹೋಗಿ. ಕಸ ವಾಪಸ್ ಪೇಟೆಗೆ ಒಯ್ಯಿರಿ, ಹಳ್ಳಕ್ಕೆ ಎಸೆಯಬೇಡಿ. ಹೊರಡುವಾಗ ಗ್ಯಾಸ್ ರೆಗ್ಯುಲೇಟರ್ ಆರಿಸಿ, ಒಲೆಯ ಕೆಂಡಕ್ಕೆ ನೀರು ಹಾಕಿ. ಉರಿಸಿದಷ್ಟು ಸೌದೆಯನ್ನು ಕೊಟ್ಟಿಗೆಯಿಂದ ತಂದು ಬಚ್ಚಲಲ್ಲಿ ಪೇರಿಸಿ ಬನ್ನಿ.