ಬಸಿದ ನೀರು ಎಲ್ಲಿಗೆ ಹೋಯಿತು?

16 ಏಪ್ರಿಲ್ 2024, ಮಂಗಳವಾರ
ಮೈಸೂರು

ಬೆಳಿಗ್ಗೆ ಎಂಟೂವರೆಗೇ ಬಿಸಿಲು ಚುರ್ ಅನ್ನುತ್ತಿತ್ತು. ಬಸ್ ಸ್ಟಾಪಿನಿಂದ ಆಸ್ಪತ್ರೆ ಗೇಟಿನವರೆಗೆ ಮೂರು ಎಳನೀರು ಗಾಡಿ, ಮೂರರ ಮುಂದೆಯೂ ಜನ. ಮಂಗಳವಾರ ಎಳನೀರು ಕಂಡರೆ ನನಗೆ ಮಾತ್ರ ಎದೆ ಡವಡವ.

ನಾನು ಇಲ್ಲಿ ರೋಗಿಗಳ ಊಟದ ಲೆಕ್ಕ ನೋಡುವ ಡಯಟೀಷಿಯನ್. ಕಿಡ್ನಿ ಕೆಟ್ಟವರ ರಕ್ತವನ್ನು ಮೆಷಿನ್‌ನಲ್ಲಿ ಶುದ್ಧ ಮಾಡುವ ನಮ್ಮ ಡಯಾಲಿಸಿಸ್ ವಾರ್ಡಿನ ಒಂದು ಬ್ಯಾಚ್ ಮಂಗಳ, ಗುರು, ಶನಿ ಬರುತ್ತದೆ. ಶನಿವಾರ ಮೆಷಿನ್ ಬಿಟ್ಟವರು ಮತ್ತೆ ಮೆಷಿನ್‌ಗೆ ಬರುವುದು ಮಂಗಳವಾರ. ನಡುವೆ ಭಾನುವಾರ, ಸೋಮವಾರ ಪೂರ್ತಿ ಖಾಲಿ. ಆ ಎರಡು ದಿನ ಕುಡಿದ ನೀರು, ಊಟದಲ್ಲೋ ಎಳನೀರಿನಲ್ಲೋ ಒಳಗೆ ಹೋದ ಪೊಟ್ಯಾಸಿಯಂ ಎಂಬ ಖನಿಜ, ಎಲ್ಲಾ ಮೈಯಲ್ಲೇ ಉಳಿಯುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಇವರಿಗೆ ಆ ದಾರಿಯೇ ಮುಚ್ಚಿದೆ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರಬೇಕು. ಆರು ದಾಟಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ಎಷ್ಟೋ ಸಲ ರೋಗಿಗೆ ಗೊತ್ತೂ ಆಗುವುದಿಲ್ಲ.

ಮೊದಲು ಐಸಿಯು ರೌಂಡ್ಸ್. ಮೂಗಿನ ಟ್ಯೂಬಿನಲ್ಲಿ ಎರಡು ಗಂಟೆಗೊಮ್ಮೆ 200 ಮಿಲಿ ಫೀಡ್ ಹೋಗುತ್ತಿರುವ ಅಜ್ಜಿಗೆ ಮಗ ಮನೆಯಿಂದ ರಾಗಿ ಗಂಜಿ ತಂದಿದ್ದ. ಗಟ್ಟಿ ಗಂಜಿ, ಸೋಸಿಯೂ ಇರಲಿಲ್ಲ. ಟ್ಯೂಬ್ ಕಟ್ಟಿಕೊಳ್ಳುತ್ತೆ ಅಂತ ವಿವರಿಸಿ, ಅವನ ಮುಖ ಬಾಡಿದ್ದು ನೋಡಿ, ಅಜ್ಜಿ ಬಾಯಲ್ಲಿ ತಿನ್ನೋಕೆ ಶುರು ಮಾಡಿದ ದಿನ ಮೊದಲು ನಿನ್ನ ಗಂಜಿಯೇ ಕೊಡೋಣ ಅಂದೆ. ಅಷ್ಟರಲ್ಲಿ ಡಯಾಲಿಸಿಸ್‌ನಿಂದ ಫೋನ್.

"ಮೇಡಂ, ನಿಮ್ಮ ಮದ್ದೂರು ಗೌಡ್ರು ಮತ್ತೆ ಫೇಲು. 6.4."

ಗೌಡರಿಗೆ ಅರವತ್ತು ಆಗಿರಬಹುದು. ತೆಂಗಿನ ತೋಟ ಇದೆ. ಮದ್ದೂರಿನ ಎಳನೀರು ಮಾರುಕಟ್ಟೆ ಗೊತ್ತಲ್ಲ, ಹೊರ ರಾಜ್ಯಗಳಿಗೆಲ್ಲಾ ಲಾರಿಗಟ್ಟಲೆ ಕಾಯಿ ಹೋಗುವ ಜಾಗ. ಇವರ ತೋಟದ ಕಾಯಿಯೂ ಅಲ್ಲಿಗೇ. ಎಳನೀರು ಬೆಳೆಯುವ ಮನುಷ್ಯನಿಗೆ ಎಳನೀರು ಮುಟ್ಟಬೇಡಿ ಅಂತ ಹೇಳಿದವಳು ನಾನು. ಜನವರಿಯಲ್ಲಿ ಹೇಳಿದಾಗ ಅವರು ತುಂಬಾ ಹೊತ್ತು ಮಾತೇ ಆಡಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಇಸಿಜಿ ತೆಗೆದು, ಮೆಷಿನ್ ಹಾಕಿ ಆಗಿತ್ತು. ನಾಲ್ಕು ಗಂಟೆ ಅವರು ಎಲ್ಲಿಗೂ ಹೋಗುವ ಹಾಗಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

"ಗೌಡ್ರೇ, ನಿಜ ಹೇಳಿ. ಎಳನೀರು?"

"ನಮ್ಮವ್ವನಾಣೆ ಒಂದ್ ತೊಟ್ಟು ಕುಡ್ದಿಲ್ಲ ಕಣವ್ವ. ಕೊಚ್ಚಿಕೊಟ್ಟು ಕೈಯಷ್ಟೇ ನೆಕ್ಕೋದು."

ಬಾಳೆಹಣ್ಣು? ಇಲ್ಲ. ಯುಗಾದಿ ಆಗಿ ವಾರ ಆಯ್ತು, ಒಬ್ಬಟ್ಟು ಉಳಿದಿದೆಯಾ? ಇಲ್ಲ. ಬೆಂಗಳೂರಿನ ಮಗಳು ಯಾವುದಾದರೂ "ಆರೋಗ್ಯದ ಉಪ್ಪು" ಕಳಿಸಿದಳಾ? ಇದನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಆ ಜಾಗಕ್ಕೆ ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡ್. ಬಿಪಿಗೆ ಒಳ್ಳೆಯದು ಅಂತ ಪ್ರೀತಿಯಿಂದ ತಂದಿರುತ್ತಾರೆ, ಕಿಡ್ನಿ ಹೋದವರಿಗೆ ಅದೇ ವಿಷ. ಆದರೆ ಇವರ ಮನೆಯಲ್ಲಿ ಮಾಮೂಲಿ ಪುಡಿ ಉಪ್ಪೇ.

ತೂಕದ ಚೀಟಿ ನೋಡಿದೆ. ಶನಿವಾರದಿಂದ ಮೂರೂವರೆ ಕೆಜಿ ಜಾಸ್ತಿ. ಅಂದರೆ ಎಲ್ಲಿಂದಲೋ ನೀರು ಮೈಯೊಳಗೆ ಹೋಗುತ್ತಿದೆ, ಪೊಟ್ಯಾಸಿಯಂ ಅದರ ಜೊತೆಗೇ ಹೋಗುತ್ತಿದೆ. ಎಳನೀರಲ್ಲ ಅಂದರೆ ಮತ್ತಿನ್ನೇನು?

ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ ಇದ್ದರು. ಈ ಕೆಲಸದಲ್ಲಿ ಒಂಬತ್ತು ವರ್ಷ ಕಳೆದರೂ ನಾನು ಮಾಡುವ ತಪ್ಪು ಒಂದೇ: ಉಣ್ಣುವವರ ಹತ್ತಿರ ಮಾತಾಡುತ್ತೇನೆ, ಬೇಯಿಸುವವರ ಹತ್ತಿರ ಆಮೇಲೆ ಹೋಗುತ್ತೇನೆ.

"ನೀವ್ ಕೊಟ್ಟಿರೋ ಪೇಪರ್‌ನ ಮೊಮ್ಮಗನ ಕೈಲಿ ಓದಿಸ್ಕಂಡು ಹಂಗೇ ಮಾಡ್ತಿವ್ನಿ ಕಣವ್ವ. ಸೊಪ್ಪು, ಕಾಳು, ತರಕಾರಿ ಎಲ್ಲಾನೂ ಬೇಯ್ಸಿ ಬಸ್ದೇ ಮಾಡೋದು. ಪಲ್ಯನೂ ಜಾಸ್ತಿ ಬಡಿಸಲ್ಲ."

"ಬಸಿದ ನೀರು ಏನ್ ಮಾಡ್ತೀರಮ್ಮ?"

ಅವರು ನನ್ನನ್ನು ನೋಡಿದ ರೀತಿ! ಇವಳಿಗೆ ಅಡಿಗೆ ಬರುತ್ತಾ ಇಲ್ಲವಾ ಅನ್ನುವ ಅನುಮಾನ.

"ಬಸ್ಸಾರು ಮಾಡ್ತೀನಿ. ಕಟ್ಟ ಯಾರಾದ್ರೂ ಚೆಲ್ತಾರ?"

ನಾನು ಸುಮ್ನೆ ಕೂತುಬಿಟ್ಟೆ. ತರಕಾರಿ, ಸೊಪ್ಪನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಒಂದು ಒಳ್ಳೆಯ ಪಾಲು ನೀರಿಗೆ ಇಳಿಯುತ್ತದೆ. ಡಯಾಲಿಸಿಸ್ ರೋಗಿಗೆ ನಾವು ಹೇಳಿಕೊಡುವ ಮೊದಲ ಪಾಠ ಅದು. ಹಳೇ ಮೈಸೂರಿನ ಅಡಿಗೆಮನೆಯಲ್ಲಿ ಬಸಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಬಸಿಯುವುದೇ ಆ ನೀರಿಗಾಗಿ! ಈಯಮ್ಮ ಶ್ರದ್ಧೆಯಿಂದ ಪೊಟ್ಯಾಸಿಯಂ ಎಲ್ಲಾ ಕಟ್ಟಿಗೆ, ಅಂದರೆ ಬಸಿದ ನೀರಿಗೆ, ಇಳಿಸಿ, ಅದಕ್ಕೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಿ, ಹಿಟ್ಟಿನ (ರಾಗಿ ಮುದ್ದೆಯ) ಜೊತೆ ಗಂಡನಿಗೆ ಬಡಿಸುತ್ತಿದ್ದರು. ಪಲ್ಯ ಕಮ್ಮಿ ಮಾಡಿದ್ದಕ್ಕೆ ಸಾರು ಇನ್ನೊಂದು ಸೌಟು ಜಾಸ್ತಿ. ಮೂರೂವರೆ ಕೆಜಿಯ ಲೆಕ್ಕಕ್ಕೂ ಒಂದು ಸುಳಿವು ಸಿಕ್ಕಿತು.

ನನ್ನ ಪೇಪರ್ ತೆಗೆದು ನೋಡಿದೆ. "ತರಕಾರಿಗಳನ್ನು ಬೇಯಿಸಿ, ನೀರು ಬಸಿದು ಬಳಸಿ." ಅಷ್ಟೇ. ಯಾವುದನ್ನು ಬಳಸಬೇಕು ಅಂತ ಇಲ್ಲ. ಈ ಸಾಲು ಬರೆದವಳು ನಾನೇ. ಭಾನುವಾರ ಅಮ್ಮನ ಕೈಯ ಹುರುಳಿಕಾಳು ಬಸ್ಸಾರು ಎರಡು ಸಲ ಹಾಕಿಸಿಕೊಂಡು ಉಂಡವಳೂ ನಾನೇ.

ಮತ್ತೆ ಲೆಕ್ಕ ಹಾಕಿದೆವು, ಈ ಸಲ ಅವರ ಜೊತೆ ಕೂತು. ಬಸಿದ ಪಲ್ಯ ಗೌಡರಿಗೆ, ಹಿಡಿಯಷ್ಟು. ಕಟ್ಟು ಅವರಿಗಿಲ್ಲ. ರಾಗಿಯಲ್ಲಿ ಅಕ್ಕಿಗಿಂತ ಸುಮಾರು ನಾಲ್ಕು ಪಟ್ಟು ಪೊಟ್ಯಾಸಿಯಂ ಇದೆ, ಆದರೆ ಹಿಟ್ಟು ಪೂರ್ತಿ ಬಿಡಿಸುವ ಧೈರ್ಯ ನನಗಿಲ್ಲ. ಮಧ್ಯಾಹ್ನ ಸಣ್ಣ ಮುದ್ದೆ ಒಂದು, ರಾತ್ರಿ ಅನ್ನ. ದಿನಾ ಮೊಟ್ಟೆಯ ಬಿಳಿ ಎರಡು ಅಂದಾಗ ಆಯಮ್ಮ ತಕರಾರು ತೆಗೆದರು. "ಮೊದ್ಲು ಡಾಕ್ಟ್ರು ಮೊಟ್ಟೆ, ಬೇಳೆ ಎಲ್ಲಾ ಕಮ್ಮಿ ಅಂದಿದ್ರಲ್ಲ?" ಹೌದು, ಡಯಾಲಿಸಿಸ್ ಶುರುವಾಗುವ ಮೊದಲು. ಈಗ ಮೆಷಿನ್ ಪ್ರತಿ ಸಲವೂ ಪ್ರೋಟೀನಿನ ಅಂಶ ಒಂದಿಷ್ಟು ಎಳೆದುಕೊಳ್ಳುತ್ತದೆ, ಕೆಜಿ ತೂಕಕ್ಕೆ ಒಂದು ಗ್ರಾಮಿಗಿಂತ ತುಸು ಜಾಸ್ತಿಯೇ ಬೇಕು. ಆಸ್ಪತ್ರೆಯವರು ದಿನಕ್ಕೊಂದು ಮಾತಾಡುತ್ತಾರೆ ಅಂತ ಅವರಿಗೆ ಅನ್ನಿಸಿದ್ದರೆ ಅವರ ತಪ್ಪೇನೂ ಇಲ್ಲ.

"ಮನೇಲಿ ಉಳಿದವರು ಬಸ್ಸಾರು ಉಣ್ಣಿ, ಅದಕ್ಕೇನೂ ತೊಂದ್ರೆ ಇಲ್ಲ" ಅಂದೆ.

"ಇರೋದೇ ನಾವಿಬ್ರು. ಅವ್ರು ಉಣ್ದಿರೋದ ಅವ್ರ ಮುಂದೆ ನಾನೆಂಗವ್ವ ಉಣ್ಲಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಇಲ್ಲ.

ಮಧ್ಯಾಹ್ನ ಕಿಚನ್ನಿಗೆ ಹೋದರೆ ನಾಳೆಯ ರಾಮನವಮಿ ಗಲಾಟೆ. ಎಲ್ಲಾ ವಾರ್ಡಿಗೂ ಪಾನಕ, ಕೋಸಂಬರಿ. ಕರಬೂಜದ ಪಾನಕವಂತೆ. ಶುಗರ್‌ನವರ ಟ್ರೇಗೆ ಮಜ್ಜಿಗೆ, ಕಿಡ್ನಿಯವರ ಟ್ರೇಗೆ ಎರಡೂ ಬೇಡ ಅಂತ ಕೆಂಪು ಚೀಟಿ ಅಂಟಿಸಿ ಬಂದೆ. ಅವರಿಗೆ ಒಂದು ಸಣ್ಣ ಲೋಟ ನಿಂಬೆ ಪಾನಕ ಕೊಡಬಹುದಲ್ವಾ ಅಂತ ಅಡಿಗೆಯವರು ಕೇಳಿದರು. ಕೊಡಬಹುದು, ಅವರ ದಿನದ ನೀರಿನ ಲೆಕ್ಕದಲ್ಲಿ ಬರೆದು, ಶುಗರ್ ಇಲ್ಲದವರಿಗೆ. 50 ಮಿಲಿ ಲೋಟ ಹುಡುಕಿದೆವು. ಕೊನೆಗೆ ಔಷಧಿ ಅಳೆಯುವ ಕಪ್ಪುಗಳೇ ಸಿಕ್ಕವು.

ಸಂಜೆ ಮೂಟೆಯಂತೆ ಬಿದ್ದಿದ್ದ ಹಳೆಯ ಪೇಪರ್‌ಗಳನ್ನು ತೆಗೆದು ಒಂದೊಂದರ ಮೇಲೂ ಪೆನ್ನಿನಲ್ಲಿ ಬರೆದೆ: "ಬಸಿದ ನೀರು ಚೆಲ್ಲಿ. ಬಸ್ಸಾರು ಬೇಡ." ಎಪ್ಪತ್ತು ಆಗುವಷ್ಟರಲ್ಲಿ ಕೈ ನೋವು ಬಂತು.

ಗೌಡರು ಹೊರಡುವಾಗ ಆಯಮ್ಮ ನನ್ನ ರೂಮಿನ ಬಾಗಿಲಿಗೆ ಬಂದು ಇಣುಕಿದರು.

"ಅವ್ವ, ಚೆಲ್ಲಕ್ಕೆ ಮನಸು ಬರಲ್ಲ. ಆ ಕಟ್ಟ ಎಮ್ಮೆಗೆ ಉಯ್ಯಬೋದಾ?"

"ಉಯ್ಯಿರಿ ಅಮ್ಮ. ಉಪ್ಪು, ಖಾರ ಹಾಕೋದಕ್ಕೆ ಮೊದಲು."